ಹೊತ್ತವರು ಯಾರು

ಕಲಬುರಗಿ ಗಂಜಿನಲ್ಲಿ ತೊಗರಿ ಸುಗ್ಗಿ.
ಹನ್ನೊಂದು ಬಡಿದರೆ ಸಾಕು, ಸರ್ವರಿಗೆ ಏದುಸಿರು.
ತೂಕದ ಚೀಟಿ ಒಂದಕ್ಕೆ ನಲವತ್ತು ಸೆಕೆಂಡು.
ಕಟ್ಟೆಯಿಂದ ಗೇಟಿನ ತನಕ ಟಂಟಂ, ಟ್ರ್ಯಾಕ್ಟರು,
ಹಾರ್ನಿನ ಮೇಲೆ ಹಾರ್ನು.

"ಧೂಳ್ರೀ ಮೇಡಂ, ತೊಗರಿ ಧೂಳು ಒಳಗ ಹೋಗ್ಯಾದ"
ಅಂದ ಅಡತಿಯ ಮುನೀಮ ಶಾಂತಮಲ್ಲಪ್ಪ.
"ಹೊಸಾದೇ ತರಸೋಣೇನು?" ಕಾರ್ಯದರ್ಶಿ,
ಕೊಟೇಶನ್ನು ಆಗಲೇ ಜೇಬಿನಲ್ಲಿ.

ಒಂದು ತಾಸು ಕೊಡಿ, ಅಂದೆ.
ಬಂದ ಪ್ರತಿ ಪ್ರಶ್ನೆಯನ್ನೂ ಬರೆದಿಟ್ಟುಕೊಂಡೆ:
ಎಷ್ಟು ಸಲ, ಎಷ್ಟು ಹೊತ್ತು,
ಯಾರಿಗಾಗಿ ಕಾದು ನಿಂತಿತು.
ಡಿಸ್ಕು ತೂಕಡಿಸುತ್ತಿತ್ತು.
ಮೆಮೊರಿಯಲ್ಲಿ ಕಾಲು ಚಾಚುವಷ್ಟು ಜಾಗ.
ನನ್ನ ಗುಮಾನಿಯೆಲ್ಲ ಆ ದೊಡ್ಡ ವರದಿಯ ಮೇಲೆ,
ಹದಿನಾರು ಕೋಷ್ಟಕ ಬೆಸೆಯುವ ಆನೆ.
ಅದು ನಸುಕಿನಲ್ಲೇ ಒಮ್ಮೆ ಬಂದು
ಯಾರ ಕಾಲೂ ತುಳಿಯದೆ ಹೋಗಿತ್ತು.

ಪಟ್ಟಿಯ ತಲೆಯ ಮೇಲೆ ಕೂತದ್ದು ಇರುವೆ.
ಅರ್ಧ ಸೆಕೆಂಡಿನದು.
ಎಂಬತ್ತು ಚೀಲದ ಚೀಟಿಗೆ ಎಂಬತ್ತು ಸಲ
ಹಾಜರಿ ಪುಸ್ತಕವನ್ನು ಮೊದಲ ಹಾಳೆಯಿಂದ ಮಗುಚುತ್ತ
ಒಂದೊಂದು ಚೀಲದ ಮುಂದೂ ನಿಂತು ಕೇಳುತ್ತದೆ:
ಇದನ್ನು ಹೊತ್ತವರು ಯಾರು?
ಇದನ್ನು ಹೊತ್ತವರು ಯಾರು?
ಹಮಾಲಿ ಕೂಲಿ ತಪ್ಪಬಾರದೆಂದು
ಹಿಂದೆ ಯಾರೋ ಬರೆದದ್ದು. ಹೆಸರಿಲ್ಲ,
ಎರಡೇ ಅಕ್ಷರ: ಗು. ಮ.

ಗುಮ ಅಂತಲೇ ಕರೆದೆ ಮನಸ್ಸಿನಲ್ಲಿ.
ಒಳ್ಳೆಯವನೇ ಇರಬೇಕು. ಅವಸರದವನು.

ರಾತ್ರಿ ಒಂದು ಇಂಡೆಕ್ಸ್ ಕಟ್ಟಿದೆ.
ಎಂಬತ್ತು ಪ್ರಶ್ನೆ ಸೇರಿಸಿ ಒಂದು ಮಾಡಿದೆ:
ಇವನ್ನೆಲ್ಲ ಹೊತ್ತವರು ಯಾರು ಯಾರು?

ಮರುದಿನ ಕೈ ಚಾಚುವ ಮೊದಲೇ ಚೀಟಿ.
ಗಾಡಿ ನಿಲ್ಲಲೇ ಇಲ್ಲ, ಹರಿದವು.
ಕಾರ್ಯದರ್ಶಿ ಇಡೀ ಕಚೇರಿಗೆ ಸುಸಲಾ ಮಿರ್ಚಿ ತರಿಸಿದರು.
ಮುನೀಮ ಮಾತ್ರ "ಧೂಳು ಒರೆಸಿದ್ರೇನ್ರೀ?" ಅಂದ.

ಕಟ್ಟೆಯ ಹಿಂದೆ, ಬೇವಿನ ನೆರಳಲ್ಲಿ
ಕೆನೆಗಟ್ಟಿದ ಚಹಾ, ಆರು ಗ್ಲಾಸು.
ಅಂಬಾರಾಯ, ಹೆಗಲ ಮೇಲೆ ಚೀಲದ ಕೊಂಡಿ,
ನಕ್ಕೇ ಹೇಳಿದ:
"ಮೊದಲ ಒಂದ್ ಚೀಟಿಗಿ ಅರ್ಧ ಬೀಡಿ ಆಗ್ತಿತ್ತು, ಅಕ್ಕೋರ.
ಈಗ ಕಡ್ಡಿ ಗೀರೋದ್ರಾಗ
ಮುಂದಿನ ಗಾಡಿ ಬಂದೇ ಬಿಡ್ತದ."

ವರದಿ ಬರೆಯಲು ಕೂತೆ.
ಮೊದಲು: ನಲವತ್ತು ಸೆಕೆಂಡು. ಈಗ: ಅರ್ಧ.
ಉಳಿದ ಮೂವತ್ತೊಂಬತ್ತೂವರೆ
ಯಾರ ಖಾತೆಯಿಂದ ಖರ್ಚಾಯಿತು ಎಂದು
ನಮೂನೆಯಲ್ಲಿ ಕಾಲಂ ಇಲ್ಲ.

ಕಿಟಕಿಯಾಚೆ ಹಾರ್ನು.
ಅಂಬಾರಾಯ ಹಚ್ಚದ ಬೀಡಿಯನ್ನು
ಕಿವಿಗೆ ಸಿಕ್ಕಿಸಿಕೊಂಡು ಎದ್ದ.