ನಡುಮನೆ

ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದದ್ದು,
ಅಂಗೈಯಗಲದ ಹಸಿರು ಹಲಗೆ.
ಒಂದು ಜಿಬಿ ನೆನಪು. ಉಗುರಿನಷ್ಟು ಕಾರ್ಡು.
ಅಂಗಡಿಯವನು ಕೇಳಿದ: ಆಟಕ್ಕಾ ಮೇಡಂ, ಪಾಠಕ್ಕಾ?
ಎರಡೂ ಅಲ್ಲ, ಹಮಾಲಿಗೆ, ಅಂದೆ.
ಅವನು ನಗಲಿಲ್ಲ. ಚಾರ್ಜರ್ ಬೇರೆ ಕೊಳ್ಳಬೇಕು ಅಂದ.

ಯಶವಂತಪುರದ ಯಾರ್ಡಿನಲ್ಲಿ, ಮಂಡಿಯ ಮೇಲಣ ಕೋಣೆ ನನ್ನದು.
ಹಗಲು ಕೆಳಗೆ ಈರುಳ್ಳಿಯ ಲೆಕ್ಕ ಬರೆಯುತ್ತೇನೆ.
ರಾತ್ರಿ ಮೇಲೆ, ರೌಟರಿನ ಪಕ್ಕ, ಇದು
ಇನ್ನೊಂದು ಈರುಳ್ಳಿ ಹೊರುತ್ತದೆ:
ಸಿಪ್ಪೆಯೊಳಗೆ ಸಿಪ್ಪೆಯೊಳಗೆ ಸಿಪ್ಪೆ ಸುತ್ತಿದ
ಯಾರದೋ ಮಾತು.
ತನ್ನ ಪಾಲಿನ ಒಂದೇ ಒಂದು ಸಿಪ್ಪೆ ಸುಲಿದು
ಪಕ್ಕದವರಿಗೆ ದಾಟಿಸುತ್ತದೆ.
ತಿರುಳು ನೋಡುವ ಹಕ್ಕಿಲ್ಲ, ಕಣ್ಣೂ ಇಲ್ಲ.

ತಲೆಬಾಗಿಲಿಗೆ ಬಂದವರ ಮುಖ ಗೊತ್ತು,
ಹೋಗುವ ಊರು ಗೊತ್ತಿಲ್ಲ.
ಹಿತ್ತಿಲ ಬಾಗಿಲಿಗೆ ಊರು ಗೊತ್ತು, ಮುಖ ಗೊತ್ತಿಲ್ಲ.
ನಾನು ನಡುಮನೆ.
ನನಗೆ ಗೊತ್ತಿರುವುದು
ಎರಡು ಹೊಸ್ತಿಲ ಸವೆತ.

ಮೊದಲ ತಿಂಗಳು ಯಾರೂ ಬರಲಿಲ್ಲ.
ಹೊಸ ಹಮಾಲಿಯನ್ನು ಮಂಡಿ ನಂಬುವುದು ನಿಧಾನ;
ಒಂದು ಚೀಲ ಕೊಟ್ಟು, ನಡಿಗೆ ನೋಡಿ, ಇನ್ನೊಂದು.
ಆಮೇಲೆ ಏಪ್ರಿಲ್.
ಎಲ್ಲಿಯ ಯಾವ ದೇಶದಲ್ಲಿ ಯಾವ ಕಿಟಕಿ ಮುಚ್ಚಿದರೋ,
ಒಂದೇ ರಾತ್ರಿ ಸಾವಿರಾರು ಕೈ ಬಾಗಿಲು ತಟ್ಟಿದವು.
ಲಾಗಿನಲ್ಲಿ ಒಂದೇ ಸಾಲು, ಜಪದ ಹಾಗೆ:
ನಿನ್ನ ಯಂತ್ರ ನಿಧಾನ, ಇಷ್ಟು ಕೋರಿಕೆ ತಾಳಲಾರದು.
ನಿನ್ನ ಯಂತ್ರ ನಿಧಾನ.
ಎಂಬತ್ತೆರಡು ಡಿಗ್ರಿ. ಬೆರಳಿಟ್ಟೆ, ಚುರ್ ಎಂದಿತು.

ಹಳೆಯ ತಾಮ್ರದ ಕಾಸೊಂದನ್ನು ಚಿಪ್ಪಿನ ಮೇಲೆ ಅಂಟಿಸಿದೆ.
ಒದ್ದೆ ಗೋಣಿ ಕಿಟಕಿಗೆ ಕಟ್ಟಿದೆ.
ನೆನಪು ಸಾಲದೆ ಅದು ಕಾರ್ಡಿನ ಮೇಲೆ
ಗೀಚಿ, ಅಳಿಸಿ, ಗೀಚತೊಡಗಿತು,
ಪರೀಕ್ಷೆಯ ಕೊನೆ ಗಳಿಗೆಯ ಹುಡುಗನಂತೆ.
ಎರಡೂಕಾಲಿಗೆ ಬೆಸ್ಕಾಂನವರು ಕರೆಂಟು ತೆಗೆದರು.
ಅಬ್ಬಾ ಎಂದು ಉಸಿರು ಬಿಟ್ಟೆ.
ಆ ಉಸಿರಿಗೆ ಕತ್ತಲಲ್ಲೇ ನಾಚಿದೆ.

ಬೆಳಗ್ಗೆ ಕೆಳಗೆ ಲಾರಿ ಇಳಿಯುತ್ತಿತ್ತು.
ಹುಲಿಗೆಪ್ಪ ಬೆನ್ನು ಕೊಟ್ಟು ಒಂದು ಚೀಲ ಹಾಕಿಸಿಕೊಂಡ.
ಮೇಲಿನ ಹುಡುಗ ಎರಡನೆಯದನ್ನೂ ತಳ್ಳಲು ಬಂದ.
‘ಏ ತಮ್ಮಾ, ಒಂದ ಸಾಕು.
ಎರಡು ಹೊತ್ರ ನಾಕ ಸಲ ಹೋಗ್ತೀನಿ,
ಒಂದು ಹೊತ್ರ ಸಂಜೀತನಕ ಹೋಗ್ತೀನಿ.
ನಿನಗ ಯಾವ್ದು ಬೇಕು?’
ಚೀಲದ ಮೇಲೆ ನೀಲಿ ಶಾಯಿಯ ಗುರುತು ಮಾತ್ರ.
ಯಾವ ಹೊಲದ್ದೆಂದು ಅವನು ಕೇಳಲಿಲ್ಲ,
ಯಾರ ಸಾರಿಗೆಂದೂ.

ಮೆಟ್ಟಿಲೇರಿ ಬಂದು ಮಿತಿಯ ಸಾಲು ತಿದ್ದಿದೆ:
ಸೆಕೆಂಡಿಗೆ ಸಾವಿರ ಕೆಬಿ ಇದ್ದದ್ದು ಆರುನೂರು.
ಪೀಣ್ಯದ ಮೇಲ್ಸೇತುವೆಗೂ ಒಮ್ಮೆ ತಡೆ ಹಾಕಿದ್ದರು,
ಭಾರದ ಲಾರಿಗಳು ಕೆಳಗೇ ಹೋಗಲೆಂದು.
ಬೈದುಕೊಂಡು ಹೋದರು. ಸೇತುವೆ ನಿಂತಿತ್ತು.

ಆದರೆ ಉಳಿದ ಆ ನಾನೂರರಲ್ಲಿ ಯಾರಿದ್ದರು?
ಗಂಡನ ಕಣ್ಣು ತಪ್ಪಿಸಿ ವಕೀಲರನ್ನು ಹುಡುಕುವವಳೇ,
ತನ್ನ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಕೇಳಲಾರದವನೇ?
ಕಳ್ಳನೂ ಇದ್ದಾನು.
ಗೊರಗುಂಟೆಪಾಳ್ಯದ ಬಸ್ಸಿನಲ್ಲಿ ಜೇಬುಗಳ್ಳನೂ ಟಿಕೆಟ್ ತೆಗೆಯುತ್ತಾನೆ,
ಕಂಡಕ್ಟರ್ ಚಿಲ್ಲರೆ ಎಣಿಸಿ ಕೊಡುತ್ತಾನೆ.
ಹೀಗೆ ಅಂದುಕೊಂಡರೂ ಕೆಲವು ರಾತ್ರಿ ನಿದ್ದೆ ಬರುವುದಿಲ್ಲ.
ಅದನ್ನೂ ಬರೆದಿಟ್ಟಿರಲಿ.

ಮಂಡಿಯ ಶಾಂತಮಲ್ಲಪ್ಪನವರು ಬಿಲ್ಲು ಹಿಡಿದು ಬಂದರು.
ಏನಮ್ಮಾ ಅದು, ರಾತ್ರಿಯಿಡೀ ಮಿಣಮಿಣ?
ದಾರಿ, ಅಂದೆ.
ಯಾರಿಗೆ?
ಕೇಳಿಲ್ಲ.
ಅವರು ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ
ಬಾಡಿಗೆ ಐದನೇ ತಾರೀಕು, ಎಂದು ಇಳಿದುಹೋದರು.

ಈಗ ಎಪ್ಪತ್ತೊಂದು ಡಿಗ್ರಿ.
ದೀಪ ಒಂದು ಲಯಕ್ಕೆ ಮಿನುಗುವುದಿಲ್ಲ;
ಜನ ಹಾಗೆ ಬರುವುದಿಲ್ಲವಲ್ಲ.
ಗೋಣಿ ಒಣಗಿದೆ.
ಒಂದು ಚೊಂಬು ನೀರು ತರಬೇಕು.