ಹಾ ರಾಮೊಹಾಪಿ

ನಮ್ಮ ಮಾತಿನಲ್ಲಿ ‘ಹಾ’ ಅಂದರೆ
ಬೆರಗು, ಇಲ್ಲ ನೋವು, ಇಲ್ಲ ಮಲಗುವ ಮುಂಚಿನ ಆಕಳಿಕೆ.
ಲೆಸೊಥೋದ ಬೆಟ್ಟದಲ್ಲಿ ಅದಕ್ಕೆ ಇಷ್ಟೇ ಅರ್ಥ:
ಇಂಥವರ ಜಾಗ.
ರಾಮೊಹಾಪಿಯ ಜಾಗ. ರಾಮನಿಗೂ ಇದಕ್ಕೂ ಸಂಬಂಧವಿಲ್ಲ;
‘ರಾ’ ಎಂದರೆ ಅಪ್ಪ, ಮೊಹಾಪಿಯ ಅಪ್ಪ,
ಒಂದು ಕುದುರೆ, ಎರಡು ಜಗಳದ ಜೊತೆ ಬಂದು
ಇಲ್ಲಿ ಗಾಳಿ ಕಡಿಮೆಯೆಂದು ತಪ್ಪು ತಿಳಿದು
ಉಳಿದುಬಿಟ್ಟವನು.

ಸಮುದ್ರ ಇಲ್ಲಿಂದ ಯಾವ ದಿಕ್ಕಿಗೂ ದೂರ.
ದೇಶದ ಸುತ್ತ ಒಂದೇ ಪರದೇಶ, ಬಳೆಯ ಹಾಗೆ.
ಉಪ್ಪು ಅಂಗಡಿಯಿಂದ ಬರಬೇಕು, ಅಂಗಡಿ
ಕುದುರೆಯ ಮೇಲೆ ನಾಲ್ಕು ತಾಸು.
ಭೂಪಟದಲ್ಲಿ ಊರಿನ ಚುಕ್ಕೆ ಇರಬೇಕಾದ ಕಡೆ
ಮಡಿಕೆ; ಮಡಿಚಿ ಮಡಿಚಿ ಕಾಗದ ಸವೆದು ತೂತು.

ಜೂನಿನಲ್ಲಿ ಹಿಮ. ಮನುಷ್ಯರು ಕಂಬಳಿಗೆ ಪಿನ್ನು ಚುಚ್ಚಿಕೊಂಡು
ಕಂಬಳಿಗಳಾಗಿಯೇ ಓಡಾಡುತ್ತಾರೆ.
ಸೆಪ್ಟೆಂಬರಿಗೆ ಪೀಚ್ ಮರ,
ಎಲೆಗಿಂತ ಮೊದಲೇ ಹೂವು, ನಾಚಿಕೆಯಿಲ್ಲದೆ.

ದನಗಾಹಿ ಹುಡುಗರು (ಬೂಟು, ಕಂಬಳಿ, ಕೋಲು, ಇಷ್ಟೇ ಸಂಸಾರ)
ಬಂಡೆಯ ಮೇಲೆ ಗೀಚಿದ ಮನೆಗಳಲ್ಲಿ ಕಲ್ಲು ನಡೆಸುತ್ತಾರೆ,
ನಮ್ಮ ನವಕಂಕರಿಯ ದಾಯಾದಿ ಆಟ.
ಕಲ್ಲಿಗೆ ಅವರು ಹಸು ಅನ್ನುತ್ತಾರೆ.
ನಿನ್ನೆ ಲೆಬಾಮಾಂಗ್ ಎಂಬ ಹತ್ತರ ಪೋರ
ಹತ್ತು ಹಸು ಗೆದ್ದ; ಅಷ್ಟರಲ್ಲಿ
ನಿಜದ ಆಡು ಒಂದು ಕಾಣೆಯಾಯಿತು.
ಅಜ್ಜನ ಬೈಗುಳ ಎದುರು ಗುಡ್ಡಕ್ಕೆ ಬಡಿದು
ಎರಡೆರಡು ಸಲ ಬಿತ್ತು ಅವನಿಗೆ.

ಇನ್ನು ನೀರಿನ ವಿಷಯ. ಕಣಿವೆಯಾಚೆ ಅಣೆಕಟ್ಟು;
ಬೆಟ್ಟದ ಹೊಟ್ಟೆ ಕೊರೆದ ಸುರಂಗದಲ್ಲಿ
ಇಲ್ಲಿಯ ನೀರು ಗಡಿ ದಾಟಿ ಗಣಿಯ ಪಟ್ಟಣಕ್ಕೆ ಹೋಗುತ್ತದೆ.
“ಅದಕ್ಕೆ ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ ನೋಡಿ”
ಎನ್ನುತ್ತಾನೆ ಸೆಖೋಬೆ, ಚಿನ್ನದ ಗಣಿಯಲ್ಲಿ
ಇಪ್ಪತ್ತಾರು ವರ್ಷ ಇಳಿದು ಹತ್ತಿದವನು.
ಚಿನ್ನ ಕಂಡದ್ದು ಒಂದೇ ಸಲ, ಮೇಲಧಿಕಾರಿಯ ಹಲ್ಲಿನಲ್ಲಿ.
ಊರಿನ ಒರತೆ ಬೆರಳಗಲ.
ಬಕೆಟ್ಟು ತುಂಬುವಷ್ಟರಲ್ಲಿ
ಒಂದು ಮದುವೆ ಮುರಿದು ಇನ್ನೊಂದು ಕೂಡಿರುತ್ತದೆ.

ಅಂಗಡಿಯಿಲ್ಲದ ಊರಿಗೆ ಬಾವುಟವೇ ಬೋರ್ಡು.
ಕೆಂಪು ಹಾರಿದರೆ ಮಾಂಸ, ಹಸಿರಾದರೆ ಸೊಪ್ಪು,
ಬಿಳಿಯೆಂದರೆ ಜೋಳದ ಬಿಯರು ಹುಳಿತು ಹದಕ್ಕೆ ಬಂದಿದೆ.
ಮೊದಲ ವಾರ ನಾನು, ಲೆಕ್ಕದ ಮೇಷ್ಟ್ರು, ಕೇಳಿದ್ದೆ:
“ಬಿಳಿ ಬಾವುಟ! ಯಾರಿಗೆ ಶರಣಾದಿರಿ?”
ಮಾಥುಸೊ ನಕ್ಕೂ ನಕ್ಕೂ ಸೋರೆಬುರುಡೆ ಕೆಳಗಿಟ್ಟು
“ದಾಹಕ್ಕೆ” ಅಂದಳು.

ಈ ಮಾಥುಸೊ
ಗೋಡೆಗೆ ಸಗಣಿಮಣ್ಣು ಬಳಿದು
ಹಸಿಯಿರುವಾಗಲೇ ಮುಳ್ಳುಚಮಚದಿಂದ ಗೀರುತ್ತಾಳೆ:
ಉತ್ತ ಹೊಲದ ಸಾಲು, ಎದುರುಬದುರು, ನಡುವೆ ಹೂವು.
ಮಳೆ ಬಂದರೆ ಅಳಿಸಿಹೋಗುತ್ತದೆ.
ಬರಲಿ ಅಂತಲೇ ಬರೆಯುವುದು.

ಇಲ್ಲಿ ಸೊಸೆ ಕಾಲಿಟ್ಟ ದಿನವೇ
ಮುಂದೆ ಹುಟ್ಟುವ ಕೂಸಿಗೆ ಹೆಸರಿಟ್ಟು
ಅದರ ತಾಯಿ ಎಂದು ಅವಳನ್ನು ಕರೆಯುತ್ತಾರೆ.
ಮಾ-ಥುಸೊ, ಥುಸೊನ ತಾಯಿ. ಥುಸೊ ಎಂದರೆ ನೆರವು.
ಅವಳಿಗೀಗ ಅರವತ್ತೆಂಟು.

ಜನಗಣತಿಗೆ ಮೇಷ್ಟ್ರನ್ನೇ ಹಚ್ಚಿದರು, ಎಲ್ಲ ದೇಶದ್ದೂ ಅದೇ ಕಥೆ.
ಅವಳ ಹೊಸ್ತಿಲಲ್ಲಿ ಫಾರಂ ಬಿಚ್ಚಿ
“ಥುಸೊ ಎಲ್ಲಿ?” ಎಂದುಬಿಟ್ಟೆ.
ಪಕ್ಕದ ಮನೆಯವಳು ಸುಮ್ಮನೆ ಕೆಮ್ಮಿದಳು.
ಮಾಥುಸೊ ಹಣೆಗೆ ಕೈ ಅಡ್ಡ ಹಿಡಿದು
ಕಣಿವೆಯ ದಾರಿಯನ್ನೇ ನೋಡಿ ಹೇಳಿದಳು:
“ಇನ್ನೂ ಬಂದಿಲ್ಲ. ರಸ್ತೆ ಹೇಗಿದೆ, ನೀವೇ ನೋಡಿದ್ದೀರಲ್ಲ.”

ಮನೆ ನಲವತ್ತೊಂದು. ಕುದುರೆ ಹದಿನೇಳು.
ಆಡು ಎಣಿಸುವಷ್ಟರಲ್ಲಿ ಮಂಜು ಇಳಿಯಿತು.
ಫಾರಮ್ಮಿನ ಆ ಒಂದು ಸಾಲು ಖಾಲಿ ಬಿಟ್ಟೆ,
ಸೊನ್ನೆ ಬರೆಯಲಿಲ್ಲ,
ಲೆಕ್ಕದ ಮೇಷ್ಟ್ರು ಮಾಡಬಾರದ ಕೆಲಸ.
ಅವಳು ಒಳಗಿನಿಂದ ಇನ್ನೊಂದು ಬುರುಡೆ ತಂದಳು;
ಹುಳಿಹುಳಿ, ಉಗುರುಬೆಚ್ಚಗೆ, ತಳದಲ್ಲಿ ಜೋಳದ ತರಿ.
ಕುಡಿದು ಮೀಸೆ ಒರೆಸಿಕೊಂಡಾಗ
ಬಾಯಿಂದ ತಾನಾಗಿ ಬಂತು,
ಹಾ.

“ಊರ ಹೆಸರು ಅರ್ಧ ಬಂತು” ಅಂದಳು.