ಪ್ರೈವೇಟ್ ನಂಬರ್

ಆನಂದಪುರ ದಾಟಿ ಸಾಗರದ ಕಡೆಗೆ ಮೂರನೇ ಗೇಟು ನನ್ನದು.
ಕೇಳಿ ಪಡೆದದ್ದು. ಕೈಕಾಲು ಹಿಡಿದು ಪೇಟೆಗೆ ಹೋಗುವವರ ನಡುವೆ
ಅರ್ಜಿ ಹಾಕಿ ಪೇಟೆ ಬಿಟ್ಟವ ನಾನೊಬ್ಬನೇ ಇರಬೇಕು.
ದಿನಕ್ಕೆ ಎಂಟು ಸಲ ಸ್ಟೇಷನ್ನಿನಿಂದ ಫೋನು:
"ಗೇಟು ಹಾಕು. ನಂಬರ್ ಕೊಡು."
"ಮೂವತ್ತೇಳು."
ಅವನೂ ಒಂದು ನಂಬರ್ ಹೇಳಿ ಇಡುತ್ತಾನೆ.
ಮನುಷ್ಯ ಮನುಷ್ಯನಿಗೆ ಇಷ್ಟು ಹೇಳಿದರೆ ಸಾಕು ಅಂತ
ರಿಜಿಸ್ಟರಿನ ಕೊನೇ ಹಾಳೆಯಲ್ಲಿ ಬರೆದಿಟ್ಟೆ.
ನನ್ನ ದರ್ಶನದ ಮೊದಲ ಸೂತ್ರ ಅದು.
ಎರಡನೆಯದು ಬರೆಯುವಷ್ಟರಲ್ಲಿ ಹುಚ್ರಾಯಪ್ಪ ಬಂದ.

ರೈಸ್ ಮಿಲ್ಲಿನಲ್ಲಿ ತೂಕ ಬರೆದು ರಿಟೈರಾದ ಆಸಾಮಿ.
ಸೈಕಲ್ಲನ್ನು ನನ್ನ ಗುಮ್ಟಿಗೆ ಒರಗಿಸಿ
ಕಿಲೋಮೀಟರ್ ಕಲ್ಲಿನ ಮೇಲೆ ಟವೆಲು ಹಾಸಿ ಕೂತ.
ನೀರು ಕೇಳಲಿಲ್ಲ. ದಾರಿ ಕೇಳಲಿಲ್ಲ.
ಕೂತ, ಅಷ್ಟೆ. ಮಧ್ಯಾಹ್ನದ ಗಾಡಿ ಹೋಗುವ ತನಕ.
ಮಾರನೇ ದಿನವೂ ಬಂದ.
ಅದರ ಮಾರನೇ ದಿನ ಊಟದ ಡಬ್ಬಿ ಸಮೇತ.

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ, ಅನ್ನುತ್ತಾರೆ.
ಕರಡಿಯಾದರೆ ಓಡಿಸಬಹುದು, ಇಲ್ಲಾ ನಾವೇ ಓಡಬಹುದು.
ಇವನದು ಮಾತಿಲ್ಲ ಕತೆಯಿಲ್ಲ.
ಆದರೆ ಮಾತಾಡದವನ ಪಕ್ಕ ಮಾತಾಡದೆ ಇರುವುದು
ಒಬ್ಬನೇ ಮಾತಾಡದೆ ಇದ್ದ ಹಾಗಲ್ಲ.
ಅವನ ಮೌನಕ್ಕೆ ಬೆಲ್ಲದ ಕಾಫಿಯ ವಾಸನೆ ಇತ್ತು,
ಕೆಮ್ಮು ಇತ್ತು,
ಪ್ರತಿ ಗಾಡಿಗೂ ಬೋಗಿ ಎಣಿಸುವ ತುಟಿ ಇತ್ತು.

ಹದಿನೆಂಟನೇ ದಿನ ತಡೆಯಲಾರದೆ ಕೇಳಿದೆ:
"ಯಾಕೆ ಬರ್ತೀರಿ ಇಲ್ಲಿಗೆ?"
"ಮನೇಲಿ ಹನ್ನೊಂದು ಜನ. ಒಂದು ಗಿಣಿ ಬೇರೆ.
ಒಬ್ನೇ ಇರಾಣ ಅಂತ ಬರ್ತೀನಿ.
ಇಲ್ಲಿ ಯಾರೂ ಇರಲ್ಲ ನೋಡಿ."

ಯಾರೂ ಇರಲ್ಲ.
ನನ್ನ ಮುಖ ನೋಡಿಕೊಂಡೇ ಹೇಳಿದ ಪುಣ್ಯಾತ್ಮ.
ರಾತ್ರಿ ನಿದ್ದೆ ಹತ್ತಲಿಲ್ಲ.
ಯಾರೂ ಬೇಡ ಅಂತ ಬಂದವ ನಾನು, ಸರಿ,
ಯಾರೂ ಅಲ್ಲದವ ಆಗುತ್ತೇನೆ ಅಂತ ಅರ್ಜಿಯಲ್ಲಿ ಬರೆದಿರಲಿಲ್ಲವಲ್ಲ!
ಲೆಕ್ಕಕ್ಕುಂಟು ಆಟಕ್ಕಿಲ್ಲ ಅಂದಿದ್ದರೆ ನುಂಗಬಹುದಿತ್ತು.
ಇಲ್ಲಿ ಲೆಕ್ಕಕ್ಕೂ ಇಲ್ಲ,
ಅದೂ ಆಯಸ್ಸಿಡೀ ತೂಕ ಬರೆದವನ ಲೆಕ್ಕದಲ್ಲಿ.

ಬೆಳಗಾದ ಮೇಲೆ ನಾನು ಇರತೊಡಗಿದೆ.
ಬಕೆಟ್ಟು ಕುಕ್ಕಿ ಇಟ್ಟೆ. ಬೇಕಿಲ್ಲದೆ ಹಸಿರು ಬಾವುಟ ಒದರಿದೆ.
ಅನ್ನ ಸೀಯಿಸಿದೆ. ಫೋನಿನಲ್ಲಿ ನಂಬರ್ ಕೂಗಿದೆ.
"ನಂಗೆ ಕಿವಿ ಕೇಳುತ್ತೆ ಮಾರಾಯ" ಅಂದ ಸ್ಟೇಷನ್ನಿನವ,
ನಾಲ್ಕು ವರ್ಷದಲ್ಲಿ ಅವನಾಡಿದ, ನಂಬರಲ್ಲದ ಮೊದಲ ಮಾತು.
ಹುಚ್ರಾಯಪ್ಪ ಬೋಗಿ ಎಣಿಸುತ್ತಲೇ ಇದ್ದ.
ಕೊನೆಗೊಂದು ದಿನ ಟವೆಲು ಕೊಡವಿ,
"ಇಲ್ಲೂ ಗಲಾಟೆ ಶುರುವಾಯ್ತು" ಅಂದು
ಸೈಕಲ್ಲು ಹತ್ತಿ ಹೋದ.

ಗೆದ್ದೆ. ಒಂಬತ್ತು ದಿನ ಗೆದ್ದೇ ಇದ್ದೆ.
ಖಾಲಿ ಕಲ್ಲಿನ ಮೇಲೆ ಒಂದು ಓತಿಕ್ಯಾತ ಬಂದು
ತಲೆಯಾಡಿಸಿ, ಏನನ್ನೋ ಒಪ್ಪಿಕೊಂಡು ಹೋಯಿತು.
ಎರಡನೇ ಸೂತ್ರ ಬರೆದೆ, ಹೊಡೆದು ಹಾಕಿದೆ.
ಸಂಜೆ ಗಾಡಿಗೆ ಬೋಗಿ ಹದಿನಾಲ್ಕೋ ಹದಿನಾರೋ?
ಕೇಳುವುದು ಯಾರನ್ನು?

ವಾರದ ರಜೆಯ ದಿನ ಬ್ಲೇಡು ತರಬೇಕಿತ್ತು. ಪೇಟೆಗೆ ಹೋದೆ.
ಬ್ಲೇಡಿನ ಅಂಗಡಿ ದಾಟಿ, ಊರು ದಾಟಿ, ಅಲ್ಲಿ
ಪಂಚಾಯ್ತಿ ನೀರಿನ ಟ್ಯಾಂಕಿನ ಕೆಳಗೆ
ಅದೇ ಟವೆಲು, ಅದೇ ಡಬ್ಬಿ.
ಎಂಟಡಿ ಬಿಟ್ಟು ಕೂತೆ.
ನೀರು ಕೇಳಲಿಲ್ಲ. ದಾರಿ ಕೇಳಲಿಲ್ಲ.
ಅವನ ಮುಖ ನೋಡಿದೆ: ದವಡೆ ಬಿಗಿ, ಕಣ್ಣು ದೂರ,
ಈ ಪ್ರಾಣಿ ಯಾವಾಗ ಏಳುತ್ತೋ ಅನ್ನುವ ಮುಖ.
ಆ ಮುಖದ ಹೊಲಿಗೆಯೆಲ್ಲ ನನಗೆ ಗೊತ್ತು,
ಹದಿನೆಂಟು ದಿನ ನಾನೇ ತೊಟ್ಟುಕೊಂಡಿದ್ದೆ.

ತಲೆಯ ಮೇಲೆ ಟ್ಯಾಂಕು ತುಂಬುತ್ತಿತ್ತು.
ಉಕ್ಕಿ ಒಂದು ಹನಿ ಅವನ ಮೇಲೆ, ಒಂದು ನನ್ನ ಮೇಲೆ.
ಕೊನೆಗೆ ಅವನೇ ಸೋತ:
"ಗೇಟಲ್ಲಿ ಯಾರಿದ್ದಾರೆ ಈಗ?"
"ಬದಲಿಯವನಿದ್ದಾನೆ. ಅಂದ್ರೆ, ಯಾರೂ ಇಲ್ಲ."
"ಹಂಗಾದ್ರೆ ಅಲ್ಲಿಗೇ ಹೋಗ್ತೀನಿ" ಅಂತ ಟವೆಲು ಮಡಚಿದ.

ಹಿಂದೆಯೇ ನಡೆದೆ,
ಅವನ ಏಕಾಂತಕ್ಕೆ ತೊಂದರೆಯಾಗದಷ್ಟು ಅಂತರ ಬಿಟ್ಟು.
ಸೈಕಲ್ಲು ಇತ್ತು. ಇಳಿಜಾರೂ ಇತ್ತು.
ಅವನು ಹತ್ತಲಿಲ್ಲ,
ತಳ್ಳಿಕೊಂಡು ಹೊರಟ.